ಸುಮಿತ್ರಾಳ ಹಾಲಿನ ಗ್ಲಾಸು

ನಮ್ಮ ಮನೆಯಲ್ಲಿ ಗಾಜಿನ ಗ್ಲಾಸು ಇದ್ದದ್ದು ಒಂದೇ. ಅವ್ವನ ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟಿದ್ದರಲ್ಲಿ ಒಡೆಯದೆ ಉಳಿದದ್ದು. ಎತ್ತರಕ್ಕೆ, ತೆಳ್ಳಗೆ, ಬಾಯಿಯ ಸುತ್ತ ನೀಲಿ ಗೆರೆ ಇದ್ದ ಗ್ಲಾಸು. ತಳ ಮಾತ್ರ ದಪ್ಪ. ಅಡುಗೆಮನೆಯ ಗೋಡೆಯ ಮಾಡದಲ್ಲಿ ಅದನ್ನು ಬೋರಲು ಹಾಕಿ ಇಟ್ಟಿರುತ್ತಿದ್ದಳು. ಬೀಗರು ಬಂದಾಗಲೂ ಅದು ಕೆಳಗಿಳಿಯುತ್ತಿರಲಿಲ್ಲ. ನಾನು ಒಮ್ಮೆ ಡಬ್ಬಿಯ ಮೇಲೆ ಹತ್ತಿ ಅದನ್ನು ಮುಟ್ಟಿದ್ದಕ್ಕೆ ಬೆನ್ನ ಮೇಲೆ ಬಿದ್ದ ಏಟು ಇನ್ನೂ ನೆನಪಿದೆ. ಅಂಥ ಗ್ಲಾಸನ್ನು ಅವ್ವ ತೊಳೆದು, ಒರೆಸಿ, ಹಾಲು ತುಂಬಿ, ಟಿಕೋಟಾದಿಂದ ಅದೇ ದಿನ ಬಂದಿಳಿದಿದ್ದ ಸುಮಿತ್ರಾಳ ಕೈಗೆ ಕೊಟ್ಟಳು. ನನ್ನ ಮುಂದೆ ಎಂದಿನ ಕಂಚಿನ ಬಟ್ಟಲು ಬಂತು. ಅಗಲ ಬಾಯಿಯ, ಕುಳ್ಳ ಬಟ್ಟಲು. ಅದರಲ್ಲಿ ಹಾಲು ನೆಲಕ್ಕೆ ಅಂಟಿಕೊಂಡಂತೆ ಕಾಣುತ್ತಿತ್ತು. ಸುಮಿತ್ರಾಳ ಹಾಲು ಅವಳ ಮೂಗಿನ ತನಕ ನಿಂತಿತ್ತು.

"ಯವ್ವಾ, ಅಕಿಗ್ಯಾಕ ಗ್ಲಾಸು?"

"ಬ್ಯಾರೆ ಊರಿಂದ ಬಂದಾಳ. ಸುಮ್ನ ಕುಡಿ."

"ಅಕಿ ಹಾಲು ಎಷ್ಟ ಮ್ಯಾಲೆ ಐತಿ ನೋಡು."

"ನಿನ್ನ ಕಣ್ಣ ನಿನ್ನ ಬಟ್ಟಲದಾಗ ಇರಲಿ."

ಸುಮಿತ್ರಾ ನನ್ನ ದೊಡ್ಡವ್ವನ ಮಗಳು, ಅಂದರೆ ಅವ್ವನ ಅಕ್ಕನ ಮಗಳು. ಟಿಕೋಟಾದಲ್ಲಿ ಅವರದು ದ್ರಾಕ್ಷಿ ತೋಟ. ಅವಳ ಬೆನ್ನಿಗೆ ಒಬ್ಬ ತಮ್ಮ. ಹುಡುಗಿ ಜಾಣೆ, ಮುಂದಿನ ಸಾಲಿ ಕಲಿಯುವುದು ವಿಜಾಪುರದಲ್ಲಿ ಆಗಲಿ ಎಂದು ದೊಡ್ಡವ್ವ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದಳು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನಬೇಕಿತ್ತು. ಎನ್ನಲಿಲ್ಲ. ಮನೆಯಲ್ಲಿ ಎಲ್ಲರೂ ಹೇಳಿ ಸಾಕಾದರು, ಅವ್ವ ಗದರಿದಳು, ಅಪ್ಪ ನಕ್ಕು ಬಿಟ್ಟ. ನಾನು ಅವಳನ್ನು ಕರೆಯಬೇಕಾದಾಗ ಹೆಸರೂ ಹಿಡಿಯದೆ, ಅಕ್ಕನೂ ಅನ್ನದೆ, ಎದುರು ಹೋಗಿ ನಿಂತು ಕೆಮ್ಮುತ್ತಿದ್ದೆ. ಅವಳು ತಿರುಗಿ ನೋಡಿ, "ಏನ್ ಕಮಲಿ?" ಎಂದು ನಗುತ್ತಿದ್ದಳು. ಆ ನಗು ನನಗೆ ಆಗುತ್ತಿರಲಿಲ್ಲ.

ಅವಳು ಬರುವ ತನಕ ಆ ಮನೆಯಲ್ಲಿ ನಾನೊಬ್ಬಳೇ ಮಗು. ಪಡಸಾಲೆ, ಅದರ ಹಿಂದೆ ಕತ್ತಲೆಯ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು; ಒಂದರ ಹಿಂದೆ ಒಂದು. ಹಿತ್ತಲ ಬಾವಿಯ ನೀರು ಸವಳು. ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಕುಡಿಯುವ ಸಿಹಿನೀರು ಓಣಿಯ ನಳಕ್ಕೆ ತನಗೆ ತಿಳಿದಾಗ ಬರುತ್ತಿತ್ತು. ಬಂದಾಗ ಹಿಡಿದು ತಂದು ಅಡುಗೆಮನೆಯ ಮೂಲೆಯ ರಂಜಣಿಗೆಗೆ ಸುರಿಯಬೇಕು. ಮಲಗುವುದು ನಡುಮನೆಯಲ್ಲಿ. ಅವ್ವನ ಬಲಕ್ಕೆ ನಾನು, ಅವಳ ಸೆರಗು ನನ್ನ ಮುಷ್ಟಿಯಲ್ಲಿ. ಸುಮಿತ್ರಾ ಬಂದ ಮೇಲೆ ಅವ್ವ ನಡುವೆ ಮಲಗಿದಳು, ಎಡಕ್ಕೆ ಅವಳು. ಅವ್ವ ಯಾವ ಕಡೆ ಹೊರಳುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದೆ. ಬೆಳಿಗ್ಗೆ ಇಬ್ಬರಿಗೂ ಒಂದೇ ಬಾಚಣಿಗೆ. ಮೊದಲು ಅವಳ ಜಡೆ, ಆಮೇಲೆ ನನ್ನದು. ಅವಳ ಕೂದಲು ಉದ್ದ, ಹೊತ್ತು ಹಿಡಿಯುತ್ತಿತ್ತು. ನನ್ನದು ಮುಗಿದೇ ಹೋಗುತ್ತಿತ್ತು. ಒಲೆಯ ಮೇಲೆ ಉಬ್ಬಿದ ಮೊದಲ ರೊಟ್ಟಿ ಅವಳ ತಾಟಿಗೆ ಬಿದ್ದ ದಿನ ನಾನು ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಹಿಂಡಿಯ ಬಟ್ಟಲನ್ನು ಅವಳಿಗೆ ಎಟುಕದಷ್ಟು ದೂರ ಸರಿಸಿದೆ. ಅವಳು ಎದ್ದು ಬಂದು ಹಾಕಿಕೊಂಡಳು.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಅಪ್ಪನ ವಿಷಯಕ್ಕೆ. ಅವಳು ಊರಿಂದ ಬರುವಾಗ ಬಟ್ಟೆಯ ಚೀಲದಲ್ಲಿ ಒಣದ್ರಾಕ್ಷಿ ತಂದಿದ್ದಳು. ಒಂದು ಮಧ್ಯಾಹ್ನ ಅಪ್ಪ ಗೋಲಿ ಸೋಡಾ ತಂದ. ಅವಳು ಅದನ್ನು ತನ್ನ ಗ್ಲಾಸಿಗೆ (ಆಗಲೇ ಅದು ಅವಳ ಗ್ಲಾಸು) ಸುರಿದುಕೊಂಡು ಅದರೊಳಗೆ ಒಣದ್ರಾಕ್ಷಿ ಉದುರಿಸಿದಳು. ಹಣ್ಣು ತಳಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಅದರ ಮೈತುಂಬ ಗುಳ್ಳೆ ಹತ್ತಿಕೊಂಡು ತಾನೇ ಮೇಲೆ ಬಂತು. ಮೇಲೆ ಬಂದು ಗುಳ್ಳೆ ಒಡೆದವು, ಮತ್ತೆ ಮುಳುಗಿತು. ಮತ್ತೆ ಬಂತು. ಅಪ್ಪ ನೆಲದ ಮೇಲೆ ಬೋರಲು ಬಿದ್ದು ಗಲ್ಲ ಊರಿಕೊಂಡು ಅದನ್ನು ನೋಡಿದ. ಅಪ್ಪ ನನ್ನ ಯಾವ ಆಟಕ್ಕೂ ನೆಲದ ಮೇಲೆ ಬಿದ್ದವನಲ್ಲ.

"ಯಾರ್ ಹೇಳಿಕೊಟ್ಟಾರ ನಿನಗ ಇದನ್ನ?"

"ಯಾರೂ ಇಲ್ಲ ಕಾಕಾ. ಒಮ್ಮಿ ಕೈತಪ್ಪಿ ಬಿದ್ದಿತ್ತು, ನೋಡಿದ್ನಿ."

"ನೋಡ್ ಕಮಲಿ, ಹಿಂಗ ನೋಡಬೇಕು."

ನಾನೂ ನೋಡುತ್ತಲೇ ಇದ್ದೆ. ಅಪ್ಪನ ಮುಖವನ್ನು ನೋಡುತ್ತಿದ್ದೆ.

ಅಪ್ಪನ ಕೆಲಸವೇ ದ್ರವಗಳನ್ನು ನೋಡುವುದು. ಊರ ಹೊರಗಿನ ಹಾಲಿನ ಕೇಂದ್ರದಲ್ಲಿ ಅವನು ಹಾಲು ತಪಾಸಣೆ ಮಾಡುತ್ತಿದ್ದ. ನಿಡೋಣಿ, ಬಬಲೇಶ್ವರ, ಭೂತನಾಳದ ಕಡೆಯಿಂದ ಕ್ಯಾನುಗಳು ಬರುತ್ತಿದ್ದವು. ಅಪ್ಪ ಪ್ರತಿ ಕ್ಯಾನಿನಿಂದ ಒಂದಿಷ್ಟು ಹಾಲನ್ನು ಉದ್ದನೆಯ ತಗಡಿನ ಜಾಡಿಗೆ ಸುರಿದು, ಅದರೊಳಗೆ ಗಾಜಿನ ಕೊಳವೆಯೊಂದನ್ನು ಇಳಿಬಿಡುತ್ತಿದ್ದ. ಅದಕ್ಕೆ ಲ್ಯಾಕ್ಟೋಮೀಟರ್ ಎಂಬ ಹೆಸರಿದ್ದರೂ ರೈತರೂ ಅಪ್ಪನೂ ಅದನ್ನು 'ಡಿಗ್ರಿ' ಎಂದೇ ಕರೆಯುತ್ತಿದ್ದರು. ಕೆಳಗೆ ಉಬ್ಬಿದ ಹೊಟ್ಟೆ, ಅದರೊಳಗೆ ಭಾರದ ಸೀಸದ ಗುಂಡು. ಮೇಲೆ ಸಣ್ಣ ಕತ್ತು, ಕತ್ತಿನೊಳಗೆ ಗೀರು ಎಳೆದ ಕಾಗದ. ಹಾಲಿನಲ್ಲಿ ಅದು ನೆಟ್ಟಗೆ ನಿಂತು ತೇಲುತ್ತದೆ. ಹಾಲು ಗಟ್ಟಿಯಿದ್ದರೆ ಕತ್ತು ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಕೆಳಗಿಳಿಯುತ್ತದೆ. ಒಬ್ಬ ರೈತ, "ನೀರು ಹಾಕಿಲ್ರಿ ಸಾಹೇಬ್ರ, ಎಮ್ಮಿ ನಿನ್ನಿ ದಿನಾ ಪೂರ್ತಿ ಕೆರ್ಯಾಗ ಬಿದ್ದಿತ್ತು, ಅದ ಒಳಗ ಹೋಗೇತಿ" ಎಂದಿದ್ದನ್ನು ಅಪ್ಪ ಊಟಕ್ಕೆ ಕೂತು ಹೇಳಿದರೆ ನಾವು ಅನ್ನ ನೆತ್ತಿಗೆ ಹತ್ತುವ ತನಕ ನಗುತ್ತಿದ್ದೆವು. ಕೇಂದ್ರದಲ್ಲಿ ಇಟ್ಟರೆ ಯಾರಾದರೂ ಒಡೆಯುತ್ತಾರೆಂದು ಅಪ್ಪ ಡಿಗ್ರಿಯನ್ನು ಹತ್ತಿ ಹಾಕಿದ ಡಬ್ಬಿಯಲ್ಲಿಟ್ಟು, ಜಾಡಿಯ ಜೊತೆ ದಿನವೂ ಮನೆಗೆ ತರುತ್ತಿದ್ದ. ಹೀಗಾಗಿ ನಮ್ಮ ಮನೆಯಲ್ಲಿ ಹಾಲಿಗೆ ನೀರು ಹಾಕುವುದೆಂದರೆ ಕಳವಿಗಿಂತ ದೊಡ್ಡ ಮಾತು. ಅವ್ವ ಹಾಲಿಗೆ ಸಕ್ಕರೆಯನ್ನು ಕೂಡ ಹಾಕುತ್ತಿರಲಿಲ್ಲ. ಸಕ್ಕರೆ ಹಾಕಿದರೆ ಹಾಲಿನ ಗುಣ ತಿಳಿಯುವುದಿಲ್ಲ ಎಂದು ಅಪ್ಪ ಒಮ್ಮೆ ಹೇಳಿದ್ದೇ ನಮಗೆ ಕಾಯಂ ಆಯಿತು.

ಸಂಜೆ ದೀಪ ಹಚ್ಚಿದ ಮೇಲೆ ಹಾಲಿನ ಹೊತ್ತು. ಅವ್ವ ಅಡುಗೆಮನೆಯೊಳಗೇ ಸುರಿದು, ಗ್ಲಾಸು ಒಂದು ಕೈಯಲ್ಲಿ, ಬಟ್ಟಲು ಒಂದು ಕೈಯಲ್ಲಿ ಹಿಡಿದು ಪಡಸಾಲೆಗೆ ಬರುವಳು. ನಾನು ದಿನವೂ ಅದೇ ರಾಗ ತೆಗೆಯುತ್ತಿದ್ದೆ. ಅವಳಿಗೆ ಹೆಚ್ಚು, ನನಗೆ ಕಡಿಮೆ. ಸುಮಿತ್ರಾ ಬೇಕೆಂದೇ ನಿಧಾನವಾಗಿ ಕುಡಿಯುತ್ತಾಳೆ ಎಂದು ನನ್ನ ಅನುಮಾನ. ನನ್ನ ಬಟ್ಟಲು ಬರಿದಾದಾಗ ಅವಳ ಗ್ಲಾಸಿನಲ್ಲಿ ಇನ್ನೂ ನಾಲ್ಕು ಬೆರಳು ಹಾಲು ನಿಂತಿರುತ್ತಿತ್ತು. ಒಂದು ದಿನ ನಾನು ಕುಡಿಯುವುದಿಲ್ಲ ಎಂದು ಬಟ್ಟಲು ತಳ್ಳಿದೆ. ಹಾಲು ನೆಲಕ್ಕೆ ತುಳುಕಿತು. ಅವ್ವ ಕೈ ಎತ್ತಿದಳು. ಅಪ್ಪ ತಡೆದ.

"ತಡಿ, ಅಕಿಗೆ ಅಳತಿ ಮಾಡಿ ತೋರಸೂಣು. ಸುಮಿತ್ರಾ, ರಂಜಣಿಗ್ಯಾಗಿಂದ ಒಂದ ಚರಗಿ ನೀರ ತಗೊಂಬಾ."

ಅಪ್ಪ ಬಟ್ಟಲನ್ನೂ ಸುಮಿತ್ರಾ ಕುಡಿದಿಟ್ಟ ಗ್ಲಾಸನ್ನೂ ತೊಳೆಸಿದ. ಗ್ಲಾಸಿಗೆ ನೀಲಿ ಗೆರೆಯ ತನಕ ನೀರು ತುಂಬಿ ನನ್ನ ಕೈಗೆ ಕೊಟ್ಟು, ಬಟ್ಟಲಿಗೆ ಸುರಿ ಎಂದ. ಬಟ್ಟಲು ತುಂಬಿ ಹರಿಯುತ್ತದೆ ಎಂದು ನನಗೆ ಖಾತ್ರಿಯಿತ್ತು. ಕೆಳಗೆ ತಾಟು ಇಡಲು ಹೇಳಿದ್ದೂ ನಾನೇ. ಸುರಿದೆ. ನೀರು ಬಟ್ಟಲಿನ ಅಂಚಿಗೆ ಇನ್ನೂ ಒಂದು ಬೆರಳು ಇರುವಾಗಲೇ ಗ್ಲಾಸು ಖಾಲಿಯಾಯಿತು. ಗ್ಲಾಸನ್ನು ಅಲ್ಲಾಡಿಸಿದೆ. ಬಾಯೊಳಗೆ ಕಣ್ಣಿಟ್ಟು ನೋಡಿದೆ. ಅಷ್ಟೇ ಇತ್ತು.

"ಎತ್ತರ ಇದ್ದದ್ದೆಲ್ಲ ಹೆಚ್ಚಲ್ಲ ಮಗಳ. ಇದರ ತಳಾ ನೋಡು, ಎಷ್ಟ ದಪ್ಪ ಐತಿ. ನಿನ್ನ ಬಟ್ಟಲ ಅಗಲ ಐತಿ. ತಿಳೀತಿಲ್ಲೋ?"

"ನೀರಿಂದ ಏನ್ ತಿಳೀತೈತಿ. ಹಾಲು ಬ್ಯಾರೆ."

ಸುಮಿತ್ರಾ ನಕ್ಕಳು. ಅಪ್ಪನೂ ನಕ್ಕ. ಈಗ ನನ್ನ ಮೊಮ್ಮಕ್ಕಳು ಮಾವಿನಹಣ್ಣಿನ ರಸಕ್ಕೆ ಇದೇ ಜಗಳ ಆಡುತ್ತವೆ. ಸೊಸೆ ಎರಡೂ ಸಮ ಇವೆ ಎಂದು ಅಳೆದು ತೋರಿಸುತ್ತಾಳೆ, ಆದರೂ ಅಳು ನಿಲ್ಲುವುದಿಲ್ಲ. ಅವಳಿಗೆ ಆಶ್ಚರ್ಯ. ನನಗೆ ಆಗುವುದಿಲ್ಲ. ಹೊಟ್ಟೆಕಿಚ್ಚಿದ್ದವರಿಗೆ ಅಳತೆ ತೋರಿಸಿದರೆ ಅವರು ಅಳತೆಯನ್ನು ನಂಬುವುದಿಲ್ಲ, ಬೇರೆ ಅಳತೆ ಹುಡುಕುತ್ತಾರೆ. ನಾನೂ ಹುಡುಕಿದೆ. ಆ ದಿನ ಅಪ್ಪ ನಗುತ್ತ, "ಆತು, ನಾಳಿಂದ ಗ್ಲಾಸು ಕಮಲಿಗಿರಲಿ, ಬಟ್ಟಲ ಸುಮಿತ್ರಾಗಿರಲಿ, ಜಗಳನ ಬ್ಯಾಡ" ಎಂದ. ಸುಮಿತ್ರಾ ಕೂಡಲೇ ತನ್ನ ಗ್ಲಾಸನ್ನು ನನ್ನ ಕಡೆ ಸರಿಸಿದಳು. ನನ್ನ ಕೈ ಅದಕ್ಕೆ ಹೋಗುವಷ್ಟರಲ್ಲಿ ಅವ್ವ ಬಂದು ಎತ್ತಿಕೊಂಡಳು.

"ಅದೇನ ಬ್ಯಾಡ. ಇಕಿ ಒಡೀತಾಳ. ಇದ್ದಂಗ ಇರಲಿ."

ಇಷ್ಟು ಸಾಕಾಯಿತು ನನಗೆ. ಅಪ್ಪ ಕೊಟ್ಟದ್ದನ್ನು ಅವ್ವ ಕಿತ್ತುಕೊಂಡಳು. ಒಡೆಯುವವಳು ನಾನು, ಜೋಪಾನ ಮಾಡುವವಳು ಅವಳು. ಅಳತೆಯಲ್ಲಿ ಹೆಚ್ಚು ಕಡಿಮೆ ಇಲ್ಲವೆಂದ ಮೇಲೆ ಗುಣದಲ್ಲಿ ಇರಬೇಕು. ನನಗೆ ಆ ರಾತ್ರಿಯ ಊಟದ ಹೊತ್ತಿಗೆ ವಿಷಯ ಸ್ಪಷ್ಟವಾಗಿತ್ತು: ಅವ್ವ ಒಳಗೆ ಸುರಿಯುವಾಗ ನನ್ನ ಪಾಲಿಗೆ ನೀರು ಹಾಕುತ್ತಾಳೆ. ಅದಕ್ಕೇ ಪಡಸಾಲೆಯಲ್ಲಿ ಸುರಿಯುವುದಿಲ್ಲ. ಅದಕ್ಕೇ ಬಟ್ಟಲು ಬದಲಾಗಬಾರದು. ಅಕ್ಕನ ಮಗಳಿಗೆ ಗಟ್ಟಿ ಹಾಲು ಕೊಟ್ಟು ಟಿಕೋಟಾದಲ್ಲಿ ಹೆಸರು ಗಳಿಸಬೇಕು, ಹೆತ್ತ ಮಗಳು ಎಲ್ಲಿ ಹೋಗುತ್ತಾಳೆ. ಇದನ್ನು ಯೋಚಿಸಿ ಯೋಚಿಸಿ ನನಗೆ ಒಂದು ತರಹದ ಸುಖವೂ ಆಗುತ್ತಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಇದನ್ನು ಹಿಡಿಯುವ ಉಪಾಯ ಇತ್ತು, ಡಬ್ಬಿಯೊಳಗೆ ಹತ್ತಿಯಲ್ಲಿ ಮಲಗಿತ್ತು.

ಆದರೆ ಬಿಸಿ ಹಾಲಿನಲ್ಲಿ ಡಿಗ್ರಿ ನಿಜ ಹೇಳುವುದಿಲ್ಲ. ಇದು ಅಪ್ಪ ಸಾವಿರ ಸಲ ಹೇಳಿದ ಮಾತು. ನಮಗೆ ಹಾಲು ಬರುತ್ತಿದ್ದದ್ದು ಬಿಸಿಬಿಸಿ. ಅದು ಆರುವ ತನಕ, ಅವಳದೂ ನನ್ನದೂ ಕುಡಿಯದೆ ಉಳಿಯಬೇಕು, ಯಾರೂ ಇರಬಾರದು. ಅಂಥ ಸಂಜೆ ಬರುವ ತನಕ ನಾನು ಬಾಯಿ ಮುಚ್ಚಿಕೊಂಡು ಬಟ್ಟಲು ಬರಿದು ಮಾಡಿದೆ. ಅವ್ವನಿಗೆ ನೆಮ್ಮದಿ. "ಈಗ ಬುದ್ಧಿ ಬಂತು ನೋಡ್ರಿ ಇಕಿಗೆ" ಎಂದು ಅಪ್ಪನ ಮುಂದೆ ಹೇಳಿದ್ದು ನನಗೆ ಕೇಳಿಸಿತು.

ಆ ಸಂಜೆ ಅವ್ವ ಹಾಲು ತಂದು ಪಡಸಾಲೆಯಲ್ಲಿ ಇಟ್ಟಿದ್ದಳಷ್ಟೇ, ಓಣಿಯಲ್ಲಿ ನಳ ಬಂತೆಂದು ಕೂಗಿದರು. ಮನೆಮನೆಯಿಂದ ಕೊಡಗಳ ಸದ್ದು ಎದ್ದಿತು. ಅವ್ವ ಗ್ಲಾಸಿಗೆ ಒಂದು ತಾಟು, ಬಟ್ಟಲಿಗೆ ಒಂದು ತಾಟು ಮುಚ್ಚಿ, ಎರಡು ಕೊಡ ಎತ್ತಿಕೊಂಡು ಓಡಿದಳು. ಸುಮಿತ್ರಾ ಇನ್ನೊಂದು ಕೊಡ ಹಿಡಿದು ಹಿಂದೆ ಹೋದಳು. ನನ್ನನ್ನು ಕರೆಯಲಿಲ್ಲ, ನಾನು ನೀರು ಚೆಲ್ಲುತ್ತೇನೆಂಬ ಕಾರಣಕ್ಕೆ. ಅದಕ್ಕೂ ಒಂದಿಷ್ಟು ಉರಿ ಬಂತು, ಆದರೆ ಉರಿಯಲು ಹೊತ್ತಿರಲಿಲ್ಲ. ಅಪ್ಪ ಹಿತ್ತಲಲ್ಲಿ ಕೈಕಾಲು ತೊಳೆದು ಸೈಕಲ್ ಒರೆಸುತ್ತಿದ್ದ. ನಾನು ಎರಡೂ ತಾಟು ತೆಗೆದು ಹಾಲಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತ ಕೂತೆ. ನಳದ ಸರತಿ ಉದ್ದವಿತ್ತು. ಬೆರಳು ಅದ್ದಿ ನೋಡಿ, ಎರಡೂ ತಣ್ಣಗಾಗಿವೆ ಎನ್ನಿಸಿದ ಮೇಲೆ ಅಪ್ಪನ ಡಬ್ಬಿ ಬಿಚ್ಚಿದೆ.

ಮೊದಲು ನನ್ನದು. ಹಾಲಿನ ಮೇಲೆ ದಪ್ಪಗೆ ಕೆನೆ ಕಟ್ಟಿತ್ತು. ಅಪ್ಪ ಕ್ಯಾನಿನಲ್ಲಿ ಮಾಡುವ ಹಾಗೆ ನಾನೂ ಅದನ್ನು ಚಮಚೆಯಿಂದ ತಿರುವಿ, ತಿಕ್ಕಿ, ಹಾಲಿನಲ್ಲಿ ಕೂಡಿಸಿ ಜಾಡಿಗೆ ಸುರಿದೆ. ಡಿಗ್ರಿ ಇಳಿಬಿಟ್ಟೆ. ಅದು ಒಮ್ಮೆ ಕುಣಿದು, ಕೆಳಗೆ ಹೋಗಿ ನಿಂತಿತು. ಹಾಲು ಮುಟ್ಟಿದ ಗೀರಿನ ಮೇಲೆ ಉಗುರಿಟ್ಟು ನೆನಪಿಟ್ಟುಕೊಂಡೆ. ಹಾಲನ್ನು ಬಟ್ಟಲಿಗೆ ತಿರುಗಿ ಹಾಕಿ, ಜಾಡಿ ತೊಳೆದು ಒರೆಸಿ, ಅವಳದನ್ನು ಸುರಿದೆ. ಅವಳದರಲ್ಲಿ ತಿರುವುವಂಥದ್ದು ಏನೂ ಇರಲಿಲ್ಲ, ಸಲೀಸಾಗಿ ಬಂತು. ಡಿಗ್ರಿ ಬಿಟ್ಟೆ. ಕತ್ತು ಗೀರುಗಳನ್ನೆಲ್ಲ ತೋರಿಸಿಕೊಂಡು ಮೇಲೆ ನಿಂತಿತು. ನನ್ನದಕ್ಕಿಂತ ಎಷ್ಟೋ ಮೇಲೆ. ಇಷ್ಟು ದಿನ ನನ್ನ ಬಾಯಲ್ಲಿ ಬರೀ ಮಾತಿತ್ತು, ಈಗ ಸಾಕ್ಷಿ ಸಿಕ್ಕಿತ್ತು. ಅಪ್ಪನನ್ನು ಕೂಗಿದೆ. ಅಪ್ಪ ಒಳಗೆ ಬರುವುದಕ್ಕೂ ಅವ್ವ, ಸುಮಿತ್ರಾ ಕೊಡ ಹೊತ್ತು ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಯಪ್ಪಾ, ಅವ್ವ ನನ್ನ ಹಾಲಿಗೆ ನೀರು ಹಾಕತಾಳ."

ಅವ್ವ ಕೊಡವನ್ನು ಸೊಂಟದಿಂದ ಇಳಿಸುವುದನ್ನೂ ಮರೆತಳು. ನಾನು ಅಪ್ಪನಿಗೆ ಎರಡನ್ನೂ ಮಾಡಿ ತೋರಿಸಿದೆ. ಮೊದಲು ಸುಮಿತ್ರಾಳದು, ಆಮೇಲೆ ನನ್ನದು. ಅಪ್ಪ ಜಾಡಿಯ ಮಟ್ಟಕ್ಕೆ ಕಣ್ಣು ತಂದು ನೋಡಿದ. ನನ್ನ ಹಾಲಿನ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಹಾಕಿ ನೋಡಿದ. ಸುಮಿತ್ರಾಳದರ ಹನಿ ಹಾಕಿ ನೋಡಿದ. ನಾಲಗೆಗೆ ಹಚ್ಚಿಕೊಂಡ. ಆಮೇಲೆ ಅವ್ವನ ಕಡೆ ಒಮ್ಮೆ ನೋಡಿ, ಡಿಗ್ರಿಯನ್ನು ಒರೆಸುತ್ತ ಡಬ್ಬಿಯ ಕಡೆ ತಿರುಗಿದ.

"ಹಾಲು ಇನ್ನಾ ಬೆಚ್ಚಗ ಐತಿ ಕಮಲಿ. ಬೆಚ್ಚಗಿದ್ರ ಇದು ಸುಳ್ಳ ತೋರಸ್ತೈತಿ."

"ಎರಡೂ ಕೂಡೇ ಕಾಸಿದ್ದು, ಕೂಡೇ ಆರಿದ್ದು. ನೀನ ಮುಟ್ಟಿ ನೋಡು."

"ಆತು ಬಿಡು, ನಾಳಿ ನೋಡೂಣು."

"ನಿಡೋಣಿಯವರಿಗೆ ನಾಳಿ ನೋಡೂಣು ಅಂತೀಯೇನು?"

ಅಪ್ಪ ಒರೆಸಿದ ಡಿಗ್ರಿಯನ್ನೇ ಮತ್ತೆ ಒರೆಸಿದ. ಡಿಗ್ರಿಯ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಅವನಿಗೆ ಬರಲಿಲ್ಲ. ಅವ್ವ ಕೊಡ ಇಳಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಅಕಿಗೆ ಏನರ ಹೇಳಿ ಮುಚ್ಚಬ್ಯಾಡ್ರಿ. ನನ್ನ ಕೈಲೆ ಹಾಲಿಗೆ ನೀರು ಬಿತ್ತು ಅನ್ನೂ ಮಾತು ನನಗ ಬ್ಯಾಡ. ಬ್ಯಾರೆ ಏನರ ಅನ್ರಿ, ಅದನ್ನ ಅನಬ್ಯಾಡ್ರಿ."

"ಯಾರ ಅಂದಾರ ಈಗ? ಹುಡುಗಿ ತಿಳೀಲಾರದ..."

"ತಿಳೀಲಿ. ನೀರಲ್ಲ ಕಮಲಿ ಅದು. ಕೆನಿ. ಸುಮಿತ್ರಾನ ಪಾಲಿನ ಹಾಲಿಂದ ಕೆನಿ ತಗದು ನಿನ್ನ ಬಟ್ಟಲಕ್ಕ ಹಾಕತೇನಿ. ಅಕಿ ಬಂದಾಗಿಂದ ಹಂಗ ಮಾಡೇನಿ."

ನನಗೆ ಅರ್ಥವಾಗಲಿಲ್ಲ. ಕೆನೆ ಹಾಕಿದ್ದರೆ ನನ್ನ ಹಾಲೇ ಗಟ್ಟಿ ಇರಬೇಕಲ್ಲ, ಡಿಗ್ರಿ ಯಾಕೆ ಮುಳುಗಿತು? ಅಪ್ಪ ಕೂತು, ಬಹಳ ಸಣ್ಣ ದನಿಯಲ್ಲಿ ಹೇಳಿದ.

"ಕೆನಿ ಹಗುರ ಇರತೈತಿ. ಹಗುರ ಇರತೈತಿ ಅಂತನ ಹಾಲಿನ ಮ್ಯಾಲೆ ತೇಲತೈತಿ. ಕೆನಿ ಕೂಡಿದ ಹಾಲೂ ಹಗುರ ಆಗತೈತಿ, ಅದರಾಗ ಡಿಗ್ರಿ ಕೆಳಗ ಹೋಗತೈತಿ. ಕೆನಿ ತಗದ ಹಾಲಿನ್ಯಾಗ ಮ್ಯಾಲೆ ನಿಂದರತೈತಿ. ಅದಕ್ಕ ಭಾರ ಅಷ್ಟ ಗೊತ್ತು, ಚಲೋದು ಯಾವುದು ಅಂತ ಗೊತ್ತಿಲ್ಲ."

ಆಗ ತಿಳಿಯಿತು. ಅವ್ವ ಒಳಗೇ ಯಾಕೆ ಸುರಿಯುತ್ತಿದ್ದಳು, ಗ್ಲಾಸು ನನಗೆ ಯಾಕೆ ಬರಬಾರದಿತ್ತು. ಗಾಜಿನಲ್ಲಿ ಕೆನೆ ಕಾಣುತ್ತದೆ. ಸುಮಿತ್ರಾಳ ಹಾಲಿನಿಂದ ತೆಗೆದುಕೊಂಡದ್ದಕ್ಕೆ ಬದಲಾಗಿ ಅವ್ವ ಅವಳಿಗೆ ಆ ನೀಲಿ ಗೆರೆಯ ಗ್ಲಾಸು ಕೊಟ್ಟಿದ್ದಳು. ನನಗೆ ಆದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕುಣಿಯಬೇಕು ಅನ್ನಿಸಿತು. ಅವ್ವನಿಗೆ ಅವಳಿಗಿಂತ ನಾನೇ ಹೆಚ್ಚು. ಜಡೆಯಲ್ಲಿ, ರೊಟ್ಟಿಯಲ್ಲಿ, ಹಾಸಿಗೆಯಲ್ಲಿ ಏನೇ ತೋರಿಸಿಕೊಂಡರೂ ಕೆನೆ ನನಗೆ. ಇದನ್ನು ಈಗ ಎಲ್ಲರ ಎದುರು ಅವ್ವನೇ ಬಾಯಿಬಿಟ್ಟು ಹೇಳಿದ್ದಾಳೆ, ಸುಮಿತ್ರಾ ಕೇಳಿದ್ದಾಳೆ. ಅವಳ ಮುಖ ಹೇಗಾಯಿತೆಂದು ನೋಡಲು ತಿರುಗಿದೆ.

ಅವಳು ಬಾಗಿಲಲ್ಲೇ ಇದ್ದಳು, ಸೊಂಟದ ಮೇಲೆ ತುಂಬಿದ ಕೊಡ. ಮೆಲ್ಲಗೆ ಬಂದು, ಒಂದು ಹನಿಯೂ ಚೆಲ್ಲದ ಹಾಗೆ ಅದನ್ನು ಇಳಿಸಿದಳು.

"ನನಗ ಗೊತ್ತಿತ್ತು ಚಿಗವ್ವ."

"ಏನ್ ಗೊತ್ತಿತ್ತು ತಂಗಿ?"

"ಕಮಲಿ ಕುಡದ ಮ್ಯಾಲೆ ಅಕಿ ತುಟಿಗೆ ಕೆನಿ ಹತ್ತಿರತಿತ್ತು. ನನಗ ಹತ್ತತಿರಲಿಲ್ಲ. ಅಕಿ ನನ್ನ ಗ್ಲಾಸ್ ನೋಡಕೋತ ಕುಡೀತಿದ್ಲು, ನಾ ಅಕಿ ತುಟಿ ನೋಡಕೋತ ಕುಡೀತಿದ್ನಿ."

ಅವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸುಮಿತ್ರಾ ಅಳುತ್ತಾಳೆ ಎಂದು ನಾನು ಕಾದೆ. ಅಳಲಿಲ್ಲ. ಒದ್ದೆಯಾದ ಲಂಗದ ಅಂಚು ಹಿಂಡುತ್ತ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು.

"ನಮ್ಮ ಮನ್ಯಾಗ ಕೆನಿ ತಮ್ಮಗ ಹಾಕತಾಳ ನಮ್ಮವ್ವ. ಇಲ್ಲಿ ತಮ್ಮ ಇಲ್ಲಲ್ಲ, ನನಗೂ ಸಿಗತೈತಿ ಅಂದ್ಕೊಂಡು ಬಂದಿದ್ನಿ."

ಅಪ್ಪ ಅವಳನ್ನು ನೋಡುತ್ತಿದ್ದ. ಅವ್ವ ಅವಳನ್ನು ನೋಡುತ್ತಿದ್ದಳು. ಗೆದ್ದವಳು ನಾನು, ಕೈಯಲ್ಲಿ ಜಾಡಿ ಹಿಡಿದು ನಡುವೆ ನಿಂತಿದ್ದೆ. ನನ್ನ ಕಡೆ ಯಾರ ಕಣ್ಣೂ ಇರಲಿಲ್ಲ. ದಿನವೂ ಕೆನೆ ತಿಂದವಳು ಕೂಗಾಡಿದ್ದೆ, ತಿನ್ನದವಳು ತಿಳಿದೂ ಸುಮ್ಮನಿದ್ದಳು, ಈಗ ಅದೂ ಅವಳ ಲೆಕ್ಕಕ್ಕೇ ಜಮೆಯಾಯಿತು. ಅವಳಂತೆ ಸುಮ್ಮನಿರುವುದು ನನಗೆ ಇವತ್ತಿಗೂ ಬಂದಿಲ್ಲ. ಈಗ ಅವಳು ಬಬಲೇಶ್ವರದಲ್ಲಿ ದೊಡ್ಡ ಸಂಸಾರದ ಅಜ್ಜಿ. ಅವಳ ಸೊಸೆಯಂದಿರು ಅವಳನ್ನು ಹೊಗಳುವುದನ್ನು ಕೇಳಿದರೆ ನಾನು ಈಗಲೂ ಮಾತು ಬದಲಿಸುತ್ತೇನೆ. ಆ ಸಂಜೆ ಅವ್ವ ಎದ್ದು ಗ್ಲಾಸಿನ ಹಾಲು, ಬಟ್ಟಲಿನ ಹಾಲು, ಜಾಡಿಯ ಹಾಲು ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿದಳು. ಯಾರಿಗೂ ಕುಡಿಯಲು ಕೊಡಲಿಲ್ಲ. ಹೆಪ್ಪು ಹಾಕಿದಳು.

ಮರುದಿನ ಅಪ್ಪ ಪೇಟೆಯಿಂದ ಎರಡು ಸ್ಟೀಲಿನ ಲೋಟ ತಂದ. ಒಂದರೊಳಗೆ ಒಂದು ಇಟ್ಟರೆ ಬಿಗಿಯಾಗಿ ಕೂತು ಬಿಡಿಸಲು ಬಾರದಂಥ ಒಂದೇ ಅಳತೆಯವು. ಸಂಜೆ ಅವ್ವ ಹಾಲಿನ ಪಾತ್ರೆಯನ್ನು ಪಡಸಾಲೆಗೇ ತಂದಳು. ಎಲ್ಲರೂ ನೋಡುವಂತೆ ಕೆನೆಯನ್ನು ಹಾಲಿನಲ್ಲಿ ಕಡೆದು ಕೂಡಿಸಿದಳು. ಇದಕ್ಕೊಂದು ಸವುಟು, ಅದಕ್ಕೊಂದು ಸವುಟು. ಮತ್ತೆ ಇದಕ್ಕೆ, ಮತ್ತೆ ಅದಕ್ಕೆ. ಕೊನೆಗೆ ಬಗ್ಗಿ ಎರಡರ ಮಟ್ಟ ನೋಡಿ, ಒಂದರಿಂದ ಇನ್ನೊಂದಕ್ಕೆ ನಾಲ್ಕು ಹನಿ ಬಗ್ಗಿಸಿದಳು. ಆಗ ನನ್ನ ಕಡೆ ತಿರುಗಿದಳು. ಹಿಂದಿನ ಸಂಜೆಯಿಂದ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು.

"ನೋಡ್ಕೋ. ಸಮ ಅದಾವಿಲ್ಲ?"

ನಾನು ಎರಡರ ಮಟ್ಟಕ್ಕೂ ಕಣ್ಣು ತಂದು ನೋಡಿದೆ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಅದಾವ."

"ಯಾವುದು ಬೇಕ ಅದನ್ನ ತಗೋ."

ಯಾವುದು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಬಹಳ ಹೊತ್ತು ನೋಡಿ ಒಂದನ್ನು ಎತ್ತಿಕೊಂಡೆ. ಸುಮಿತ್ರಾ ಉಳಿದದ್ದನ್ನು ತೆಗೆದುಕೊಂಡು, ಅಂದು ನಿಧಾನ ಮಾಡದೆ, ಗಟಗಟನೆ ಕುಡಿದಳು. ಅವಳ ಮೇಲ್ದುಟಿಯ ಮೇಲೆ ಬೆಳ್ಳಗೆ ಕೆನೆ ಹತ್ತಿತು. ಅವ್ವ ಅವಳ ಗದ್ದ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿ, ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ನಾನೂ ಬೇಗಬೇಗ ಕುಡಿದು ಮುಗಿಸಿದೆ. ತುಟಿ ಒರೆಸಿಕೊಳ್ಳದೆ, ಮುಖ ಎತ್ತಿಕೊಂಡು ಕೂತೆ. ಅವ್ವ ಎರಡೂ ಲೋಟ ತೆಗೆದುಕೊಂಡು ಒಳಗೆ ಹೋದಳು.